ಒಂದೇ ಗೋಡೆ, ಎರಡು ಗೆರೆ

"ಯಾರ್ರೀ ಇಲ್ಲಿ ಮಿಲ್ಲಿ ಮೇಡಂ?"

ಕಂಪ್ಯೂಟರ್ ಕೋಣೆ ಒಮ್ಮೆಲೇ ತಣ್ಣಗಾಯಿತು. ಬಾಗಿಲಲ್ಲಿ ನಿಂತವನು ಎತ್ತರದ ಆಳು. ಹೆಗಲ ಮೇಲೆ ಸರ್ವೆ ಉಪಕರಣದ ಮುಕ್ಕಾಲಿ, ಬೂಟಿಗೆ ಒಣಗಿದ ಮಣ್ಣು, ಕೈಯಲ್ಲಿ ಮುದುಡಿದ ಹಾಳೆ. ಕಣ್ಣಲ್ಲಿ ಮಾತ್ರ ಕೆಂಡ!

ಕಿಟಕಿ ಪಕ್ಕದ ಮೇಜಿನಿಂದ ಅವಳು ಎದ್ದಳು. ಆ ಅಡ್ಡಹೆಸರು ತನ್ನ ಬೆನ್ನ ಹಿಂದೆ ಓಡಾಡುತ್ತಿರುವುದು ಅವಳಿಗೆ ಗೊತ್ತಿತ್ತು. ಒಂದು ಮಿಲ್ಲಿಮೀಟರನ್ನೂ ಬಿಟ್ಟುಕೊಡದವಳು ಅಂತ ಇಟ್ಟ ಹೆಸರು. ಎದುರಿಗೆ ಯಾರೂ ಕರೆದಿರಲಿಲ್ಲ... ಇವತ್ತಿನವರೆಗೆ.

"ನಾನೇ. ಏನಾಗ್ಬೇಕಿತ್ತು?"

"ಬಿಸಿಲಲ್ಲಿ ಬೆಂದು ಅಳೆದು ತಂದ ಹಾಳೆನ ಮತ್ತೆ ವಾಪಸ್ ಕಳಿಸಿದ್ದೀರಿ. 'ಸಂದಿ ಇದೆ, ಸ್ವೀಕರಿಸಲಾಗದು' ಅಂತೆ! ಸಂದಿ ಇದ್ರೆ ನಾನೇನ್ ಮಾಡ್ಲಿ? ಮಣ್ಣು ತುಂಬ್ಲಾ?"

ಹಿಂದಿನಿಂದ ಯಾರೋ ಕಿಸಕ್ಕನೆ ನಕ್ಕರು. ಅವಳ ಕಿವಿ ಬಿಸಿಯಾಯಿತು. ಯಾರಾದರೂ ನಕ್ಕರೆ ಅವಳಿಗೆ ಮೊದಲಿನಿಂದಲೂ ಹಾಗೇ. ಬೈದರೆ ತಡೆದುಕೊಳ್ಳುತ್ತಿದ್ದಳು, ನಕ್ಕರೆ ಆಗುತ್ತಿರಲಿಲ್ಲ.

ಊರಿನ ಜಾಗಗಳ ಅಳತೆಯನ್ನೆಲ್ಲ ಹೊಸ ಡೇಟಾಬೇಸಿಗೆ ಸೇರಿಸುವುದು ಅವಳ ಕೆಲಸ. ಸರ್ವೇಯರುಗಳು ತಂದ ಬಿಂದುಗಳನ್ನು ಗೆರೆ ಮಾಡಬೇಕು, ಗೆರೆಗಳನ್ನು ಕೂಡಿಸಿ ಒಂದೊಂದು ನಿವೇಶನದ ಆಕಾರ ಮಾಡಬೇಕು. ಒಳಗೆ ಬಿಟ್ಟುಕೊಳ್ಳುವ ಮೊದಲು ಕಂಪ್ಯೂಟರು ಪರೀಕ್ಷೆ ಮಾಡುತ್ತದೆ. ಎರಡು ನಿವೇಶನಗಳ ನಡುವೆ ಯಾರಿಗೂ ಸೇರದ ಸಂದಿ ಉಳಿಯಬಾರದು. ಒಂದರ ಅಂಚು ಇನ್ನೊಂದರ ಮೇಲೆ ಹತ್ತಬಾರದು. ಮುಟ್ಟಬೇಕಾದ ಕಡೆ ಮುಟ್ಟದೆ ಗೆರೆ ನೇತಾಡಬಾರದು. ಇಡೀ ಊರು ಅಂಚಿಗಂಚು ಕೂಡಿದ ಒಂದೇ ಹಾಸಿನಂತಿರಬೇಕು. ಮನುಷ್ಯರ ನಡುವೆ ಸಿಗದ ನೆಮ್ಮದಿ ಅವಳಿಗೆ ಆ ನಿಯಮಗಳಲ್ಲಿ ಸಿಗುತ್ತಿತ್ತು.

"ಮಣ್ಣು ತುಂಬಬೇಡಿ. ಬಿಂದು ಸರಿಯಾಗಿ ಹಿಡೀರಿ. ಎರಡು ಮನೆ ಮಧ್ಯೆ ಉದ್ದಕ್ಕೂ ಸಂದಿ ಬಂದಿದೆ."

"ಬಂದಿದೆ. ಯಾಕಂದ್ರೆ ಅಲ್ಲಿ ಸಂದಿ ಇದೆ!"

"ಅಂದ್ರೆ?"

"ಓಣಿ ಮೇಡಂ, ಓಣಿ! ಜನ ಓಡಾಡೋದು. ಬಂದು ನೋಡ್ತೀರಾ, ಇಲ್ಲಾ ಆ ಪರದೇಲೇ ಲೋಕ ನೋಡ್ತೀರಾ?"

ಅವಳು ಕೈಚೀಲ ಎತ್ತಿಕೊಂಡಳು.

"ನಡೀರಿ. ಈಗಲೇ."

*

ಓಣಿ ನಿಜವಾಗಿಯೂ ಇತ್ತು. ಎರಡು ಗೋಡೆಗಳ ನಡುವೆ ಅಡ್ಡಡ್ಡ ತಿರುಗಿಕೊಂಡು ನಡೆಯುವಷ್ಟು. ಅವನು ಮುಂದೆ, ಅವಳು ಹಿಂದೆ. ಅರ್ಧ ದಾರಿಗೆ ಹೋಗುವಷ್ಟರಲ್ಲಿ ಎದುರಿನಿಂದ ಬಕೆಟ್ ಹಿಡಿದ ಹೆಂಗಸೊಬ್ಬಳು ಬಂದಳು.

"ಹಿಂದಕ್ಕೆ ಸರೀರಪ್ಪಾ! ಭಾರ ಹೊತ್ತೋರಿಗೆ ದಾರಿ ಬಿಡೋದು ಇಲ್ಲಿ ರೂಢಿ. ಪ್ರೇಮಿಗಳಿಗೆ ಬೇರೆ ಜಾಗ ಸಿಗ್ಲಿಲ್ವಾ?"

ಇಬ್ಬರೂ ಹಿಮ್ಮುಖವಾಗಿ ನಡೆದರು. ಅವನ ಬೂಟು ಅವಳ ಕಾಲ ಮೇಲೆ ಬಿತ್ತು. ಹೊರಗೆ ಬಂದಾಗ ಅವಳ ಮುಖದಲ್ಲಿ ಸಿಟ್ಟಿನ ಬದಲು ನಗು!

"ಈಗ ಹೇಳಿ, ಇದು ದೋಷನಾ?"

"ಅಲ್ಲ. ಆದ್ರೆ ನೀವು ಇದಕ್ಕೆ ಆಕಾರ ಕೊಟ್ಟಿಲ್ಲ. ಓಣಿನೂ ಒಂದು ಜಾಗ. ಅದರ ಗೆರೆನೂ ಮುಚ್ಚಿ ತಂದಿದ್ರೆ ನನ್ನ ಕಂಪ್ಯೂಟರು ಬಾಯಿ ಮುಚ್ಕೊಂಡಿರ್ತಿತ್ತು."

ಅವನು ತಲೆ ಕೆರೆದುಕೊಂಡ. "ಹೌದಲ್ಲಾ... ಹೊಳೀಲೇ ಇಲ್ಲ ನೋಡಿ."

'ತಪ್ಪಿದೆ ಅಂತ ಇಷ್ಟು ಸುಲಭವಾಗಿ ಒಪ್ಪಿಕೊಳ್ಳೋ ಗಂಡಸರೂ ಇರ್ತಾರಾ?' ಅವಳ ಒಳಗೆ ಯಾವುದೋ ಗೆರೆ ಹೋಗಿ ಎಲ್ಲೋ ಮುಟ್ಟಿತು.

ಆಮೇಲೆ ಅವನ ಫೋನು ಬರತೊಡಗಿತು. ಮೊದಮೊದಲು ಕೆಲಸಕ್ಕೆ, ಆಮೇಲೆ ಕೆಲಸದ ನೆಪಕ್ಕೆ. ಅಕ್ಕಪಕ್ಕದ ಎರಡು ಗೆರೆಗಳ ನಡುವೆ ಎಷ್ಟರವರೆಗೆ ವ್ಯತ್ಯಾಸವಿದ್ದರೆ ಒಂದೇ ಎಂದು ಒಪ್ಪಿಕೊಳ್ಳಬಹುದು ಎನ್ನುವುದಕ್ಕೆ ಕಂಪ್ಯೂಟರಿನಲ್ಲಿ ಒಂದು ಮಿತಿ ಇಡಬೇಕಿತ್ತು. ಕೈಪಿಡಿಯಲ್ಲಿ ಯಾರೋ ಪುಣ್ಯಾತ್ಮರು ನಿಘಂಟು ನೋಡಿ ಅದಕ್ಕೆ 'ಸಹನೆ' ಅಂತ ಹೆಸರಿಟ್ಟಿದ್ದರು.

"ಮೇಡಂ, ಈ ಹಾಳೆಗೆ ನಿಮ್ಮ ಸಹನೆ ಎಷ್ಟು?"

"ಎರಡು ಸೆಂಟಿಮೀಟರ್."

"ಅಷ್ಟೇನಾ! ಕಟ್ಕೊಳ್ಳೋನಿಗೆ ದೇವರೇ ಗತಿ."

ಅವಳು ಫೋನಿಟ್ಟ ಮೇಲೂ ನಗುತ್ತಿದ್ದಳು. ತಂಗಿಯನ್ನು ತನ್ನ ಮನೆಯಲ್ಲೇ ಇರಿಸಿಕೊಂಡಿದ್ದ ಅಕ್ಕ ಅಡುಗೆಮನೆಯಿಂದ ಇಣುಕಿದಳು.

"ಯಾರೇ ಅದು? ಗಂಟೆಗಟ್ಟಲೆ ಸಂದಿ, ಅಂಚು, ಅಂತರ ಅಂತೀಯ. ಪ್ರೀತಿಸೋರು ಅಂತರ ಕಮ್ಮಿ ಮಾಡ್ಕೋತಾರೆ ಕಣೇ, ಅಳೀತಾ ಕೂರಲ್ಲ!"

"ಸುಮ್ನಿರಕ್ಕಾ..."

ಒಂದು ಸಂಜೆ ಕಚೇರಿ ಎದುರಿನ ಚಹಾ ಅಂಗಡಿಯಲ್ಲಿ ಅವನು ಲೋಟ ತಿರುಗಿಸುತ್ತ ಕುಳಿತ.

"ಒಂದು ಮಾತು. ಅಮ್ಮ ಹೋದ್ಮೇಲೆ ನನ್ನ ಸಾಕಿದ್ದು ಚಿಕ್ಕಮ್ಮ. ಬಟ್ಟೆ ಹೊಲೀತಾಳೆ. ಅವಳ ಮನೆ ನನ್ನ ಈ ಹಾಳೆಯ ಕೊನೇ ಅಂಚಲ್ಲಿದೆ. ನಾನೇ ಅಳೆದೆ."

"ನೆಂಟರ ಜಾಗ ಅಳೀಬಾರದು ಅಂತ ನಿಯಮ ಇದೆಯಲ್ಲ?"

"ಇದೆ. ಒಂದು ಮನೆಗೋಸ್ಕರ ಇಡೀ ಹಾಳೆ ಬೇರೆಯವರಿಗೆ ಬಿಡೋದಾ ಅಂತ ಸುಮ್ಮನಾದೆ. ನಿಮಗೊಬ್ಬರಿಗೇ ಹೇಳ್ತಿರೋದು."

"ನನ್ನ ಬಾಯಿಂದ ಹೊರಗೆ ಹೋಗಲ್ಲ."

"ಗೊತ್ತು." ಅವನು ನಕ್ಕ. "ಬರೋ ಭಾನುವಾರ ಮನೆಗೆ ಬರ್ತೀರಾ? ಚಿಕ್ಕಮ್ಮ ನಿಮ್ಮನ್ನ ನೋಡ್ಬೇಕಂತೆ."

"ಯಾಕಂತೆ?"

"ಅಳತೆ ತಗೊಳ್ಳೋಕೆ. ಮನೆಗೆ ಬರೋ ಹುಡುಗಿಗೆ ಮೊದಲ ಬಟ್ಟೆ ತಾನೇ ಹೊಲೀಬೇಕಂತೆ."

ಅವಳ ಚಹಾ ಆರಿ ಹೋಯಿತು. ಅವಳು ಅದನ್ನು ಹಾಗೇ ಕುಡಿದಳು... ಸಿಹಿಯಾಗಿತ್ತು!

*

ಮರುದಿನ ಮೇಲಧಿಕಾರಿ ಅವಳ ಮೇಜಿನ ಬಳಿ ಬಂದರು.

"ಈ ದೋಷಗಳ ಹೆಸರೆಲ್ಲ ಕನ್ನಡದಲ್ಲಿ ಹಾಕಮ್ಮಾ. ಪಟ್ಟಿ ಇವತ್ತೇ ಬಡಾವಣೆ ಕಚೇರಿಗಳಿಗೆ ಹೋಗ್ಬೇಕು, ಅಲ್ಲಿನವರಿಗೆ ಅರ್ಥ ಆಗ್ಬೇಕು."

ಅವಳು ಕುಳಿತು ಬರೆದಳು. ಸಂದಿ. ನೇತಾಡುವ ಗೆರೆ. ಒಂದರ ಅಂಚು ಇನ್ನೊಂದರ ಮೇಲೆ ಹತ್ತಿದ್ದಕ್ಕೆ, ಇದ್ದದ್ದನ್ನು ಇದ್ದ ಹಾಗೆ, 'ಮೇಲೆ ಬಿದ್ದಿದೆ' ಅಂತ ಹಾಕಿದಳು.

ಮೇಲಧಿಕಾರಿ ಗಟ್ಟಿಯಾಗಿ ಓದಿ ಹೊಟ್ಟೆ ಹಿಡಿದುಕೊಂಡು ನಕ್ಕರು.

"ಯಾರ ಮೇಲೆ ಯಾರು ಬಿದ್ದಿದ್ದಾರಮ್ಮಾ? ನಿವೇಶನಗಳು ಸಂಸಾರ ಹೂಡಿವೆಯಾ?"

ಇಡೀ ಕೋಣೆ ನಕ್ಕಿತು. ಅವಳ ಕಿವಿ ಕೆಂಪಾಯಿತು. ಅಳಿಸಿದಳು. ಗಂಭೀರವಾಗಿ ಕೇಳಿಸುವ, ಯಾರೂ ನಗದ ಪದ ಬೇಕಿತ್ತು, ಅಷ್ಟೇ. ಕೈಗೆ ಬಂದ ಮೊದಲ ಪದವನ್ನು ಒತ್ತಿದಳು.

ಒತ್ತುವರಿ.

"ಹಾಂ! ಇದು ಕಚೇರಿ ಭಾಷೆ," ಎಂದರು ಅವರು.

ಯಾರೂ ನಗಲಿಲ್ಲ. ಒತ್ತುವರಿ ಎಂದರೆ ಗೆರೆಯ ಮೇಲೆ ಗೆರೆ ಅಲ್ಲ, ಪರರ ಜಾಗ ಕಬಳಿಸುವುದು ಎಂದು ಆ ಕೋಣೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಆ ಹೊತ್ತಿಗೆ ಯಾರಿಗೂ ನೆನಪಾಗಲಿಲ್ಲ. ಅವಳಿಗಂತೂ ಆಗಲೇ ಇಲ್ಲ. ಅವಳ ತಲೆಯಲ್ಲಿ ಭಾನುವಾರವಿತ್ತು.

ಭಾನುವಾರ ಅವಳನ್ನು ಕರೆದೊಯ್ಯಲು ಅವನು ಬರಲಿಲ್ಲ.

ಹೊಸ ಬಟ್ಟೆ ಉಟ್ಟು ಬಾಗಿಲಲ್ಲಿ ಕುಳಿತಿದ್ದವಳನ್ನು ಅಕ್ಕ ಒಳಗೆ ಕರೆದಳು. ಅವಳು ಮಾಡಿದ ಫೋನು ರಿಂಗಾಗಿ ರಿಂಗಾಗಿ ನಿಂತಿತು. ಮರುದಿನ ಅದೂ ಇಲ್ಲ.

'ಅಳತೆ ಅಂದದ್ದು ತಮಾಷೆಗಾ? ನಾನೇ ಮೂರ್ಖಳ ಹಾಗೆ...' ದಿನಗಳು ಹೋದವು. ಅವಳು ಗೆರೆಗಳನ್ನು ಕೂಡಿಸುತ್ತಲೇ ಇದ್ದಳು. ಕಣ್ಣು ತುಂಬಿ ಪರದೆ ಮಸುಕಾದಾಗ ಒರೆಸಿಕೊಂಡು ಮತ್ತೆ ಕೂಡಿಸುತ್ತಿದ್ದಳು.

ಕ್ಯಾಂಟೀನಿನಲ್ಲಿ ಪಕ್ಕದ ಮೇಜಿನ ಗೆಳತಿ ಪಿಸುಗುಟ್ಟಿದಳು.

"ಆ ಉದ್ದ ಸರ್ವೇಯರು, 'ಕಂಬ' ಅಂತೀವಲ್ಲ, ಅವನ ಕಥೆ ಗೊತ್ತಾಯ್ತಾ? ಚಿಕ್ಕಮ್ಮನಿಗೆ ಪಕ್ಕದವರ ಜಾಗ ಹೊಡೆದು ಕೊಟ್ಟನಂತೆ. ನಿನ್ನ ಪಟ್ಟೀಲೇ ಸಿಕ್ಕಿಬಿದ್ದ ಕಣೇ, ಒತ್ತುವರಿ ಅಂತ! ಪಕ್ಕದವರು ದೂರು ಕೊಟ್ರು. ಕೆಲಸದಿಂದ ತೆಗೆದ್ರಂತೆ."

"ನನ್ನ ಪಟ್ಟೀಲಾ...?"

ಅವಳು ಓಡಿ ಬಂದು ಪರದೆ ತೆರೆದಳು. ಅವನ ಹಾಳೆಯ ಕೊನೇ ಅಂಚು. ಪಕ್ಕದ ಹಾಳೆ ಹಳೆಯದು, ಸರಪಳಿ ಹಿಡಿದು ಅಳೆದದ್ದು. ಅವನದು ಉಪಗ್ರಹದ ಉಪಕರಣದಿಂದ ಅಳೆದದ್ದು. ಎರಡು ಹಾಳೆ ಕೂಡುವ ಕಡೆ ಮನೆಯ ಹಿತ್ತಿಲ ಕಡೆಯ ಒಂದೇ ಗೋಡೆಗೆ ಎರಡು ಗೆರೆ ಬಂದಿದ್ದವು. ಗೋಡೆ ಒಂದಿಷ್ಟೂ ಅಲುಗಿರಲಿಲ್ಲ, ಅಳತೆ ಅಲುಗಿತ್ತು. ಎರಡೂ ನಿವೇಶನ ಒಂದರ ಮೇಲೊಂದು ಹತ್ತಿದ ಅಂಗೈ ಅಗಲದ ಪಟ್ಟೆ ಕೆಂಪಗೆ ಹೊಳೆಯುತ್ತಿತ್ತು. ಅವಳ ಸಹನೆಯ ಮಿತಿಯನ್ನು ಅದು ಮೀರಿತ್ತು.

ಕೆಳಗೆ ಬರೆದಿತ್ತು: ಒತ್ತುವರಿ. ಪರಿಶೀಲಿಸಿದವರು ಎಂಬ ಕಡೆ ಅವಳ ಹೆಸರು.

ಅಂಚಿನ ಸಾಲಿನ ಮನೆಗಳಿಗೆಲ್ಲ ಅದೇ ಪದ. ಬಡಾವಣೆ ಕಚೇರಿಯವರು ಪದ ನೋಡಿದರು, ನೋಟಿಸು ಕಳಿಸಿದರು. ಅವರ ತಪ್ಪೂ ಅಲ್ಲ. ಆ ಪದ ಕಂಡರೆ ನೋಟಿಸು ಕಳಿಸುವುದೇ ಅವರ ಕೆಲಸ.

'ನಿಮಗೊಬ್ಬರಿಗೇ ಹೇಳ್ತಿರೋದು...' ಅಂದಿದ್ದ. ಹೇಳಿದ ಮರುದಿನವೇ ಆ ಮನೆಯ ಮೇಲೆ ಆ ಪದ, ಅವಳ ಹೆಸರಿನಲ್ಲಿ!

ಅವಳು ಮೇಲಧಿಕಾರಿಯ ಮುಂದೆ ನಿಂತಳು.

"ಪದ ತಪ್ಪಾಗಿದೆ ಸರ್. ನನ್ನದೇ ತಪ್ಪು."

"ತಿದ್ದು. ಬೇಡ ಅಂದೋರ್ಯಾರು?"

"ಹೋದ ನೋಟಿಸು?"

"ಅದು ನಮ್ಮ ವಿಭಾಗ ಅಲ್ಲಮ್ಮಾ."

"ಸರ್ವೇಯರ ಕೆಲಸ ಹೋಗಿದೆ ಸರ್... ಈ ಪದದಿಂದ."

ಅವರು ಕನ್ನಡಕ ತೆಗೆದರು. ಈ ಸಲ ಮುಖದಲ್ಲಿ ನಗು ಇರಲಿಲ್ಲ. "ಒತ್ತುವರಿ ಮಾತು ಬಿಡು. ನೆಂಟರ ಜಾಗ ಅಳೆದದ್ದು ನಿಜ ತಾನೇ? ವಿಚಾರಣೇಲಿ ಅವನೇ ಒಪ್ಕೊಂಡ. ನೀನು ಆ ಪದ ಸಾವಿರ ಸಲ ತಿದ್ದಿದ್ರೂ ಅದು ಹೋಗಲ್ಲ. ದಾರಿ ಇಲ್ಲಮ್ಮಾ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅಂತ ಹಿರಿಯರು ಸುಮ್ಮನೆ ಹೇಳಿಲ್ಲ. ಅವಳು ಮೇಜಿಗೆ ಮರಳಿ ಆ ಪದ ಅಳಿಸಿದಳು. ಕ್ಷಣದ ಕೆಲಸ. ಅಷ್ಟು ಸುಲಭವಾದದ್ದೇ ಅವಳಿಗೆ ತಡೆಯಲಾಗಲಿಲ್ಲ.

*

ಆ ಮನೆಯನ್ನು ಅವಳು ಯಾರನ್ನೂ ಕೇಳದೆ ಹುಡುಕಿದಳು. ಅದರ ನಾಲ್ಕು ಮೂಲೆಗಳೂ ಅವಳಿಗೆ ಬಾಯಿಪಾಠವಾಗಿದ್ದವು.

ಹಿತ್ತಿಲ ಕಡೆಯ ಗೋಡೆ ಇರಲಿಲ್ಲ.

ಇಟ್ಟಿಗೆಗಳನ್ನು ಮಡಿಸಿಟ್ಟ ಬಟ್ಟೆಯಂತೆ ಒಪ್ಪವಾಗಿ ಪೇರಿಸಿದ್ದರು. ಗೋಡೆಯ ಜಾಗದಲ್ಲಿ ತುಂಡು ಬಟ್ಟೆಗಳನ್ನು ಕೂಡಿಸಿ ಹೊಲಿದ ಪರದೆ ತೂಗುತ್ತಿತ್ತು. ಹೊಲಿಗೆ ಯಂತ್ರ ಮುಂದಿನ ಕೋಣೆಗೆ ಬಂದಿತ್ತು. ಅದರ ಹಿಂದೆ ಚಿಕ್ಕಮ್ಮ, ಸಣ್ಣ ಮೈಯ, ನೆಟ್ಟ ಬೆನ್ನಿನ ಹೆಂಗಸು. ಮೂಲೆಯಲ್ಲಿ ಅವನು ಪೆಟ್ಟಿಗೆಗೆ ಬಟ್ಟೆ ತುಂಬುತ್ತಿದ್ದ.

ಅವಳನ್ನು ಕಂಡು ಅವನ ಕೈ ನಿಂತಿತು.

"ಯಾಕೆ ಬಂದ್ರಿ?"

"ಆ ಪದ... ನಾನು ಬರೆದದ್ದು."

"ಗೊತ್ತು. ಹೆಸರಿತ್ತಲ್ಲ." ದನಿ ಏರಲಿಲ್ಲ. ಏರಿದ್ದರೆ ಚೆನ್ನಾಗಿತ್ತು ಅನ್ನಿಸಿತು ಅವಳಿಗೆ. "ನಿಮಗೊಬ್ಬರಿಗೇ ಹೇಳಿದ್ದೆ. ನಿಯಮ ಅಂದ್ರೆ ನಿಮಗೆ ಪ್ರಾಣ. ಅದೂ ಗೊತ್ತಿತ್ತು. ಆದ್ರೂ..."

"ನಿಮ್ಮ ಮನೆ ಅಂತ ಬರೆದದ್ದಲ್ಲ! ಎಲ್ಲ ಹಾಳೆಗೂ ಒಂದೇ ಪದ ಹಾಕಿದ್ದು. ಮೊದಲು 'ಮೇಲೆ ಬಿದ್ದಿದೆ' ಅಂತ ಬರೆದಿದ್ದೆ. ಎಲ್ಲರೂ ನಕ್ಕರು. ನಾಚಿಕೆ ಆಯ್ತು. ಅಳಿಸಿ ಇದನ್ನ ಹಾಕ್ದೆ."

ಅವನು ಕೈಯಲ್ಲಿದ್ದ ಬಟ್ಟೆ ಕೆಳಗಿಟ್ಟ.

"ನಗ್ತಾರೆ ಅಂತ?"

"ಹೂಂ... ನಗ್ತಾರೆ ಅಂತ."

ಅವನು ಪೆಟ್ಟಿಗೆಯ ಅಂಚಿನ ಮೇಲೆ ಕುಳಿತುಬಿಟ್ಟ. ಮೋಸ ಎಂದುಕೊಂಡು ಹೊತ್ತು ತಿರುಗಿದ್ದ ಸಿಟ್ಟಿಗೆ ಈಗ ಇಳಿಸಲು ಜಾಗವೇ ಇರಲಿಲ್ಲ.

ಯಂತ್ರದ ಸದ್ದು ನಿಂತಿತು.

"ಗೋಡೆ ನಾನೇ ಕೆಡವಿಸಿದೆ," ಎಂದಳು ಚಿಕ್ಕಮ್ಮ. "ಇವನು ಬೇಡ ಬೇಡ ಅಂದ. ದರ್ಜಿಗಳು ತುಂಡು ಕದೀತಾರೆ ಅಂತ ಲೋಕ ಆಡುತ್ತೆ. ನಾನು ಒಂದು ಗೇಣು ಉಳಿದ್ರೂ ಗಂಟು ಕಟ್ಟಿ ಗಿರಾಕಿಗೆ ವಾಪಸ್ ಕೊಟ್ಟವಳು. ಆ ಪದ ಬಾಗಿಲಿಗೆ ಅಂಟಿಸಿಹೋದ್ಮೇಲೆ ಆ ಗೋಡೆ ಕಡೆ ಮುಖ ಹಾಕೋಕಾಗ್ಲಿಲ್ಲ."

"ಮತ್ತೆ ಕಟ್ಟಿಸೋಣ ಚಿಕ್ಕಮ್ಮಾ. ಅದು ನಿಮ್ಮದೇ ಜಾಗ. ಅಳತೆಯ ತಪ್ಪು ಅಂತ ನಾನೇ..."

"ಗೋಡೆ ಕಟ್ಟಬಹುದು. ಬೀದಿ ಬಾಯಿ ಕಟ್ತೀಯಾ?"

ಅವಳು ತಿರುಗಿ ಹೊರಗೆ ಹೋದಳು. ಪಕ್ಕದ ಮನೆಯ ಯಜಮಾನ ಜಗಲಿಯಲ್ಲಿ ಕುಳಿತಿದ್ದ. ಬೀದಿಯಲ್ಲಿ ನಾಲ್ಕಾರು ಜನ. ಅವಳು ಎಲ್ಲರಿಗೂ ಕೇಳುವಂತೆ ಗಟ್ಟಿಯಾಗಿ ಹೇಳಿದಳು. ಕಚೇರಿಯಲ್ಲಿ ಆ ಪದ ಬರೆದವಳು ತಾನು, ಅದು ತಪ್ಪು ಪದ, ಇವರು ಯಾರ ಜಾಗವನ್ನೂ ತೆಗೆದುಕೊಂಡಿಲ್ಲ.

"ಗೋಡೆ ಬಿದ್ದಮೇಲೆ ಬಂದು ಹೇಳ್ತೀಯಲ್ಲಮ್ಮಾ," ಎಂದ ಯಜಮಾನ. "ಬೆಂಕಿ ಇಲ್ಲದೆ ಹೊಗೆ ಬರುತ್ತಾ?"

ಯಾರೋ ನಕ್ಕರು. ಅವಳು ಅಲ್ಲೇ ನಿಂತು ಇನ್ನೊಮ್ಮೆ ಹೇಳಿದಳು. ಪಕ್ಕದ ಬಾಗಿಲಿಗೆ ಹೋಗಿ ಹೇಳಿದಳು. ಅದರಾಚೆಯದಕ್ಕೂ. ಕೆಲವರು ತಲೆಯಾಡಿಸಿದರು. ಕೆಲವರು ಪೂರ್ತಿ ಕೇಳದೆ ಬಾಗಿಲು ಹಾಕಿಕೊಂಡರು. ಯಾರೂ ನಂಬಿದ ಹಾಗೆ ಕಾಣಲಿಲ್ಲ.

ಸಾಲಿನ ಕೊನೆಯಲ್ಲಿ ತಿರುಗಿ ನೋಡಿದಾಗ ಅವನು ಹೊಸ್ತಿಲಲ್ಲಿ ನಿಂತಿದ್ದ. ಎಷ್ಟು ಹೊತ್ತಿನಿಂದಲೋ!

"ಸಾಕು, ಬನ್ನಿ," ಎಂದ. "ಗಂಟಲು ಹೋಗುತ್ತೆ."

"ಏನೂ ಆಗ್ಲಿಲ್ಲ..."

"ಆಗಲ್ಲ. ಗೊತ್ತಿತ್ತು."

ಇಬ್ಬರೂ ಇಟ್ಟಿಗೆಯ ರಾಶಿಯ ಪಕ್ಕ ನಿಂತರು.

"ನಾಳೆ ಹೊರಡ್ತೀನಿ. ದೂರದಲ್ಲಿ ರಸ್ತೆ ಕೆಲಸ ಸಿಕ್ಕಿದೆ. ಉಪಕರಣ ನನ್ನ ಕೈಗೆ ಕೊಡಲ್ಲ. ಬೇರೆಯವರು ಅಳೀತಾರೆ, ನಾನು ಅಳತೆ ಕೋಲು ಹಿಡಿದು ನಿಲ್ಲೋದು." ತುಟಿ ಸ್ವಲ್ಪ ವಾರೆಯಾಯಿತು. "ಕಂಬ ಅಂತ ಕರೀತಿದ್ರಲ್ಲ, ಹೆಸರಿಗೆ ತಕ್ಕ ಕೆಲಸ."

ಅವಳಿಗೆ ಅಳು ತಡೆಯಲಾಗಲಿಲ್ಲ.

"ಎಲ್ಲ ನಿಮ್ಮ ತಪ್ಪಲ್ಲ," ಎಂದ. "ನಿಯಮ ಮುರಿದೋನು ನಾನು. ನೀವು ಬರೆದದ್ದು ಒಂದು ಪದ. ಅದಕ್ಕೆ ಸಿಕ್ಕಿಕೊಳ್ಳೋಕೆ ಕೊಕ್ಕೆ ಇಟ್ಟಿದ್ದು ನಾನೇ."

"ಕ್ಷಮಿಸಿ ಅಂತ ಕೇಳೋಕೆ ಬಂದಿಲ್ಲ ನಾನು. ಕೇಳೋ ಮುಖ ಇಲ್ಲ. ಆದ್ರೆ... ನೀವಂದ್ರೆ ನನಗೆ ಪ್ರಾಣ. ನಿಯಮಕ್ಕಿಂತ. ಹೇಳೋಕೆ ಇದು ಹೊತ್ತಲ್ಲ. ನಾಳೆ ಹೋಗ್ತೀನಿ ಅಂದ್ರಲ್ಲ, ಅದಕ್ಕೆ ಹೇಳ್ಬಿಟ್ಟೆ."

ಅವನು ಒಂದು ಇಟ್ಟಿಗೆಯ ಮೂಲೆಯನ್ನು ಸವರಿದ.

"ಆ ಪದದ ಜಾಗದಲ್ಲಿ ಈಗ ಏನಿದೆ?"

"'ಒಂದೇ ಗೋಡೆ, ಎರಡು ಗೆರೆ. ತಪ್ಪು ಅಳತೆಯದು, ಮನೆಯವರದಲ್ಲ.'"

"ಅಷ್ಟುದ್ದನಾ?"

"ಪಟ್ಟೀಲಿ ಜಾಗ ಸಾಲಲ್ಲ ಅಂದ್ರು. ಜಾಗ ಮಾಡಿಸಿದೆ."

"ನಗಲಿಲ್ವಾ ಯಾರೂ?"

"ನಕ್ಕರು." ಅವಳು ಕಣ್ಣೊರೆಸಿಕೊಂಡಳು. "ನಗಲಿ."

ಅವನ ಕೈ ಇಟ್ಟಿಗೆ ಬಿಟ್ಟು ಅವಳ ಬೆರಳುಗಳನ್ನು ಹಿಡಿಯಿತು. ಎದೆಯೊಳಗೆ ತಡೆದಿಟ್ಟದ್ದೆಲ್ಲ ಅವಳಿಗೆ ಒಮ್ಮೆಲೇ ಉಕ್ಕಿತು!

ಪರದೆ ಸರಿಯಿತು. ಚಿಕ್ಕಮ್ಮನ ಕೊರಳಲ್ಲಿ ಅಳತೆಪಟ್ಟಿ ನೇತಾಡುತ್ತಿತ್ತು.

"ಇಲ್ಲಿ ಬಾ. ಕೈ ಅಗಲಿಸಿ ನಿಲ್ಲು."

ಅವಳು ಹೋಗಿ ನಿಂತಳು. ಗಟ್ಟಿ ಬೆರಳುಗಳು ಅವಳ ಭುಜ, ತೋಳು, ಸೊಂಟದ ಮೇಲೆ ಸರಸರ ಓಡಾಡಿದವು.

"ಕ್ಷಮಿಸಿದೆ ಅಂದ್ಕೋಬೇಡ. ಮನಸ್ಸಿಗೆ ಇನ್ನೂ ಒಗ್ಗಿಲ್ಲ. ಇವನು ದುಡಿದು ನೆಲೆ ನಿಲ್ಲೋದು ಯಾವ ಕಾಲಕ್ಕೋ, ನಾನು ಅಲ್ಲೀವರೆಗೆ ಇರ್ತೀನೋ ಇಲ್ವೋ. ಅಳತೆ ತಗೊಂಡು ಹೊಲಿದಿಟ್ಟಿರ್ತೀನಿ. ಒಳಮಡಿಕೇಲಿ ಬಟ್ಟೆ ಜಾಸ್ತಿ ಬಿಟ್ಟಿರ್ತೀನಿ, ಕಾಯ್ತಾ ಕಾಯ್ತಾ ಮೈ ಬದಲಾಗುತ್ತೆ."

ಆಕೆ ಒಳಗೆ ಹೋದಳು. ಯಂತ್ರ ಮತ್ತೆ ಸದ್ದು ಮಾಡಿತು. ಗೋಡೆಯಿಲ್ಲದ ಕಡೆಯಿಂದ ಗಾಳಿ ಬಂದು ಪರದೆ ಉಬ್ಬಿತು.

ಕೊಡಲು ಅವನ ಬಳಿ ಏನೂ ಇರಲಿಲ್ಲ. ಕೇಳಲು ಅವಳಿಗೂ ಬಾಯಿರಲಿಲ್ಲ. ಆದರೂ ಅವನು ಹತ್ತಿರ ಬಂದು ಮೆಲ್ಲಗೆ ಕೇಳಿದ, ಹಿಂದೆ ಫೋನಿನಲ್ಲಿ ಕೇಳುತ್ತಿದ್ದ ಹಾಗೆಯೇ.

"ಮೇಡಂ... ಈಗ ನಿಮ್ಮ ಸಹನೆ ಎಷ್ಟು?"

ಅವಳು ಅವನ ಹೆಗಲಿಗೆ ಹಣೆ ಒರಗಿಸಿದಳು.

"ನೀವು ಹೋಗೋ ಊರು ಎಷ್ಟು ದೂರವೋ... ಅಷ್ಟು."